ಹೊಸ್ತಿಲು ಎಲ್ಲರ ಮಿದುಳಿಗೂ ಉಂಟು

ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬನು ಹಠಾತ್ತಾಗಿ ನೆಲಕ್ಕುರುಳಿ, ಕೈಕಾಲು ಸೆಟೆದು ನಡುಗತೊಡಗಿದರೆ, ಸುತ್ತ ನೆರೆದ ಜನರಲ್ಲಿ ಒಬ್ಬರಾದರೂ ಓಡಿಬಂದು ಅವನ ಮುಷ್ಟಿಯಲ್ಲಿ ಬೀಗದ ಕೈಗಳ ಗೊಂಚಲನ್ನು ತುರುಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದೆರಡು ನಿಮಿಷಗಳಲ್ಲಿ ನಡುಕ ನಿಲ್ಲುತ್ತದೆ. ‘ಕಬ್ಬಿಣ ತಾಗಿತು, ಬಿಟ್ಟುಹೋಯಿತು’ ಎಂದು ಹೇಳಿಕೊಳ್ಳುತ್ತ ಗುಂಪು ಚದರುತ್ತದೆ. ಕಬ್ಬಿಣವನ್ನು ಕೊಡದಿದ್ದರೂ ಅಷ್ಟೇ ಹೊತ್ತಿಗೆ ನಡುಕ ನಿಲ್ಲುತ್ತಿತ್ತೆಂಬುದು ಯಾರಿಗೂ ಹೊಳೆಯುವುದಿಲ್ಲ. ಏಕೆಂದರೆ ಕಬ್ಬಿಣವನ್ನು ಕೊಡದೆ ಕಾದು ನೋಡಿದವರು ಅಲ್ಲಿ ಯಾರೂ ಇರುವುದಿಲ್ಲ.

ಈ ನಂಬಿಕೆಯನ್ನು ಕಂಡು ನಗುವುದು ಸುಲಭ. ಆದರೆ ನಗುವುದಕ್ಕೆ ಮುಂಚೆ, ಓದುಬರಹ ಬಲ್ಲ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಈಚಿನ ವರ್ಷಗಳಲ್ಲಿ ಸೆರೊಟೋನಿನ್ ಎಂಬ ವಸ್ತುವಿನ ಹೆಸರು ಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಧಾರಾಳವಾಗಿ ಕೇಳಿಬರುತ್ತಿದೆ. ಅದಕ್ಕೆ ‘ಸಂತೋಷದ ರಸಾಯನ’ ಎಂಬ ಬಿರುದನ್ನೂ ಕಟ್ಟಿದ್ದಾಗಿದೆ. ಅದು ಹೆಚ್ಚಿದರೆ ಸುಖ, ಕುಗ್ಗಿದರೆ ದುಃಖ. ಬಾಳೆಯ ಹಣ್ಣನ್ನು ತಿಂದರೆ ಅದು ಹೆಚ್ಚುತ್ತದೆ. ಕಥೆ ಇಷ್ಟಕ್ಕೆ ಮುಗಿಯುತ್ತದೆ. ಬಾಳೆಯ ಹಣ್ಣಿನಲ್ಲಿ ಸೆರೊಟೋನಿನ್ ಇರುವುದೇನೋ ನಿಜ. ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ಅದು ದಾಟಲಾರದು. ಒಂದು ವಸ್ತುವಿಗೆ ಒಂದೇ ಗುಣವನ್ನು ಅಂಟಿಸಿ ಸಮಾಧಾನಪಟ್ಟುಕೊಳ್ಳುವ ಈ ಮನೋಧರ್ಮವು ಬೀಗದ ಕೈಯಲ್ಲಿ ಮದ್ದನ್ನು ಕಂಡವರ ಮನೋಧರ್ಮಕ್ಕೆ ಬಹು ದೂರದ ನೆಂಟನೇನಲ್ಲ.

ಸೆರೊಟೋನಿನ್ನಿಗೂ ಮೂರ್ಛೆಯ ಸೆಳವಿಗೂ ಇರುವ ಸಂಬಂಧವನ್ನು ಕುರಿತು ಪ್ರಯೋಗಶಾಲೆಯ ಪ್ರಾಣಿಗಳು ಕಲಿಸಿರುವ ಪಾಠವು ಈ ಎರಡು ಬಗೆಯ ತಪ್ಪುಗಳಿಗೂ ಒಳ್ಳೆಯ ಔಷಧವೆಂದು ನಾವು ಭಾವಿಸುತ್ತೇವೆ. ಅದು ಕೇವಲ ತಜ್ಞರಿಗೆ ಸಂಬಂಧಿಸಿದ ವಿಷಯವಲ್ಲ. ಜಗತ್ತಿನಲ್ಲಿ ಸುಮಾರು ೫ ಕೋಟಿ ಜನರಿಗೆ ಮೂರ್ಛೆರೋಗವಿದೆ. ಈ ಪತ್ರಿಕೆಯನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿಯೂ ಕೆಲವರಿಗೆ ಅದು ಇದ್ದೇ ಇರಬೇಕು. ಇದ್ದೂ ಸಹಪಾಠಿಗಳಿಂದ ಮುಚ್ಚಿಟ್ಟಿರಬೇಕು.

ಮೊದಲು ಆ ವಸ್ತುವಿನ ಪರಿಚಯವನ್ನು ಮಾಡಿಕೊಳ್ಳೋಣ. ಇಟಲಿಯ ವಿಟೋರಿಯೊ ಎರ್ಸ್ಪಾಮರ್ ಎಂಬವರು ೧೯೩೦ರ ದಶಕದಲ್ಲಿ ಕರುಳಿನ ಒಳಪೊರೆಯ ಕೋಶಗಳಿಂದ, ಸ್ನಾಯುಗಳನ್ನು ಸಂಕುಚಿಸುವ ಒಂದು ವಸ್ತುವನ್ನು ಪಡೆದು ಅದಕ್ಕೆ ಎಂಟರಮಿನ್ ಎಂದು ಹೆಸರಿಟ್ಟರು. ೧೯೪೮ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್, ಅರ್ವಿನ್ ಪೇಜ್ ಈ ಮೂವರು ರಕ್ತನಾಳಗಳನ್ನು ಬಿಗಿಯಿಸುವ ವಸ್ತುವೊಂದನ್ನು ರಕ್ತದ್ರವದಿಂದ ಬೇರ್ಪಡಿಸಿದರು. ಸೀರಮ್ಮಿನಲ್ಲಿದ್ದು ನಾಳಗಳಿಗೆ ಬಿಗುವು, ಎಂದರೆ ಟೋನ್, ಕೊಡುವುದರಿಂದ ಅದು ಸೆರೊಟೋನಿನ್ ಎನಿಸಿತು. ಈ ಎರಡೂ ಒಂದೇ ವಸ್ತುವೆಂಬುದು ಆಮೇಲೆ ತಿಳಿದ ಸಂಗತಿ. ೧೯೫೩ರಲ್ಲಿ ಬೆಟ್ಟಿ ಟ್ವಾರಾಗ್ ಎಂಬ ತರುಣ ವಿಜ್ಞಾನಿ ಪೇಜ್ ಅವರೊಡನೆ ಸೇರಿ ಅದು ಸಸ್ತನಿಗಳ ಮಿದುಳಿನಲ್ಲಿಯೂ ಇದೆಯೆಂದು ತೋರಿಸಿದರು. ಆಕೆಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಸಮುದ್ರದ ಚಿಪ್ಪುಜೀವಿಯೊಂದರ ಸ್ನಾಯುವಿನ ಅಭ್ಯಾಸದಿಂದ. ಕರುಳು, ರಕ್ತ, ಚಿಪ್ಪು, ಮಿದುಳು: ಇಷ್ಟು ಮನೆಗಳಲ್ಲಿ ವಾಸವಿರುವ ವಸ್ತುವಿಗೆ ಒಂದೇ ಉದ್ಯೋಗವಿರುವುದು ಸಾಧ್ಯವೆ? ನಮ್ಮ ದೇಹದಲ್ಲಿರುವ ಸೆರೊಟೋನಿನ್ನಿನಲ್ಲಿ ನೂರಕ್ಕೆ ೯೦ ಪಾಲಿಗೂ ಮಿಕ್ಕದ್ದು ಇಂದಿಗೂ ಕರುಳಿನಲ್ಲಿಯೇ ಇದೆಯೆಂಬುದನ್ನು ಬಿರುದು ಕೊಟ್ಟವರು ಮರೆತಂತೆ ತೋರುತ್ತದೆ.

ಮಿದುಳಿನಲ್ಲಿ ಅದನ್ನು ತಯಾರಿಸುವ ನರಕೋಶಗಳು ಮಿದುಳಿನ ಕಾಂಡದ ನಡುಗೆರೆಯ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ ಕುಳಿತಿವೆ. ಸ್ವೀಡನ್ನಿನ ಡಾಲ್‌ಸ್ಟ್ರೋಮ್ ಮತ್ತು ಫುಕ್ಸೆ ಎಂಬವರು ೧೯೬೪ರಲ್ಲಿ ಅವನ್ನು ಹೊಳೆಯುವಂತೆ ಮಾಡಿ ಅವುಗಳ ನಕ್ಷೆಯನ್ನು ಬರೆದರು. ಮಾನವನ ಮಿದುಳಿನ ಸುಮಾರು ೮,೬೦೦ ಕೋಟಿ ನರಕೋಶಗಳಲ್ಲಿ ಇವು ಕೆಲವೇ ಲಕ್ಷ. ಆದರೂ ಇವುಗಳ ತಂತುಗಳು ಮಿದುಳಿನ ಮೂಲೆಮೂಲೆಗೂ ಹರಡಿವೆ. ಒಂದು ಊರಿನ ಕೆರೆಯ ತೂಬು ಚಿಕ್ಕದಾದರೂ ಅದರಿಂದ ಹೊರಟ ಕಾಲುವೆಗಳು ಎಲ್ಲ ಗದ್ದೆಗಳನ್ನೂ ಮುಟ್ಟುವಂತೆ.

ಆದರೆ ಒಂದೇ ನೀರು ಒಂದು ಗದ್ದೆಯಲ್ಲಿ ಭತ್ತವಾಗಿಯೂ ಇನ್ನೊಂದರಲ್ಲಿ ಕಬ್ಬಾಗಿಯೂ ಮಾರ್ಪಡುವುದಷ್ಟೆ. ಸೆರೊಟೋನಿನ್ನಿನ ಫಲವನ್ನು ನಿರ್ಧರಿಸುವುದು ಅದನ್ನು ಬರಮಾಡಿಕೊಳ್ಳುವ ಗ್ರಾಹಕ. ಗ್ರಾಹಕವೆಂದರೆ ನರಕೋಶದ ಹೊರಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನು. ಹೊರಗಿನಿಂದ ಬಂದ ವಸ್ತು ಅದಕ್ಕೆ ಕೂಡಿಕೊಂಡಾಗ ಕೋಶದ ಒಳಗೆ ಒಂದು ಬದಲಾವಣೆ ನಡೆಯುತ್ತದೆ. ೧೯೫೭ರಲ್ಲಿ ಗ್ಯಾಡಮ್ ಮತ್ತು ಪಿಕರೆಲಿ ಎಂಬ ವಿಜ್ಞಾನಿಗಳು ಗಿನಿಯಿಲಿಯ ಕರುಳಿನ ತುಂಡಿನ ಮೇಲೆ ಪ್ರಯೋಗ ನಡೆಸಿ, ಸೆರೊಟೋನಿನ್ನಿಗೆ ಎರಡು ಬಗೆಯ ಗ್ರಾಹಕಗಳಿವೆಯೆಂದು ಹೇಳಿದರು. ಇಂದು ಏಳು ಕುಟುಂಬಗಳಿಗೆ ಸೇರಿದ ೧೪ ಬಗೆಗಳು ಗೊತ್ತಾಗಿವೆ. ಕೆಲವು ಕೋಶವನ್ನು ಕೆರಳಿಸುತ್ತವೆ. ಕೆಲವು ಅದನ್ನು ತಣಿಸುತ್ತವೆ. ‘೧ಎ’ ಎಂಬ ಗ್ರಾಹಕವು ಪೊಟ್ಯಾಸಿಯಮ್ ಅಯಾನುಗಳ ಬಾಗಿಲನ್ನು ತೆರೆದು ಕೋಶವನ್ನು ಶಾಂತಗೊಳಿಸುತ್ತದೆ. ‘೨ಸಿ’ ಎಂಬುದು ಸಾಮಾನ್ಯವಾಗಿ ಕೋಶವನ್ನು ಕೆರಳಿಸುವ ಜಾತಿಯದು.

ಇನ್ನು ಸೆಳವಿನ ಮಾತು. ನರಕೋಶಗಳು ವಿದ್ಯುತ್ ಸಂಜ್ಞೆಗಳಿಂದ ಮಾತನಾಡಿಕೊಳ್ಳುತ್ತವೆ. ಆರೋಗ್ಯದಲ್ಲಿ ಆ ಮಾತು ಸಂತೆಯ ಮಾತಿನಂತೆ: ಒಬ್ಬೊಬ್ಬರದು ಒಂದೊಂದು. ಅಸಂಖ್ಯಾತ ಕೋಶಗಳು ತಮ್ಮ ಬೇರೆ ಬೇರೆ ಕೆಲಸಗಳನ್ನು ಬಿಟ್ಟು ಏಕಕಾಲದಲ್ಲಿ ಒಂದೇ ಕೂಗನ್ನು ಕೂಗತೊಡಗಿದಾಗ ಸೆಳವು ಉಂಟಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳಲು ಮಿದುಳಿನಲ್ಲಿ ಕಾವಲುಗಾರ ಕೋಶಗಳಿವೆ. ಅವು ಗ್ಯಾಬಾ ಎಂಬ ವಸ್ತುವನ್ನು ಸುರಿಸಿ ನೆರೆಯವರನ್ನು ಸುಮ್ಮನಿರಿಸುತ್ತವೆ. ಕೆರಳಿಕೆ ಎಷ್ಟರ ಮಟ್ಟಿಗೆ ಏರಿದರೆ ಕಾವಲು ಕುಸಿಯುವುದೋ ಆ ಮಟ್ಟವನ್ನು ವಿಜ್ಞಾನಿಗಳು ಸೆಳವಿನ ಹೊಸ್ತಿಲು ಎಂದು ಕರೆಯುತ್ತಾರೆ. ಈ ಲೇಖನದ ತಿರುಳೆಲ್ಲ ಈ ಒಂದು ಪದದಲ್ಲಿದೆ.

ಹೊಸ್ತಿಲು ಎಂಬುದು ಬರಿಯ ಉಪಮಾನವಲ್ಲ, ಅಳೆಯಬಹುದಾದ ವಸ್ತು. ೧೯೩೭ರಲ್ಲಿ ಬಾಸ್ಟನ್ನಿನ ಮೆರಿಟ್ ಮತ್ತು ಪಟ್ನಮ್ ಎಂಬ ವೈದ್ಯರು ಬೆಕ್ಕುಗಳಿಗೆ ಸೆಳವನ್ನು ತರಿಸಲು ಎಷ್ಟು ವಿದ್ಯುತ್ ಬೇಕೆಂಬುದನ್ನು ಅಳೆದರು. ಬಳಿಕ ಒಂದೊಂದೇ ರಾಸಾಯನಿಕವನ್ನು ಕೊಟ್ಟು, ಯಾವುದು ಆ ಅಳತೆಯನ್ನು ಏರಿಸುವುದೆಂದು ಪರೀಕ್ಷಿಸಿದರು. ಹಾಗೆ ದೊರೆತದ್ದು ಫೆನಿಟಾಯಿನ್. ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಜನರನ್ನು ಕಾಪಾಡಿದ ಔಷಧ ಅದು. ಮನುಷ್ಯರ ವಿಷಯವಾದರೋ, ೧೯೩೮ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬೀನಿ ಎಂಬವರು ಮನೋರೋಗಕ್ಕೆ ವಿದ್ಯುತ್ ಚಿಕಿತ್ಸೆಯನ್ನು ಪ್ರಾರಂಭಿಸಿದಾಗ ಒಂದು ಸತ್ಯ ನಿಸ್ಸಂದೇಹವಾಗಿ ಹೊರಬಿತ್ತು: ಮೂರ್ಛೆರೋಗ ಎಂದೂ ಇಲ್ಲದವರ ಮಿದುಳೂ ಸಾಕಷ್ಟು ಪ್ರಚೋದನೆ ದೊರೆತರೆ ಸೆಳವಿಗೆ ಒಳಗಾಗುತ್ತದೆ. ಹೊಸ್ತಿಲಿಲ್ಲದ ಮಿದುಳು ಇಲ್ಲ. ಕೆಲವರದು ಎತ್ತರ, ಕೆಲವರದು ತಗ್ಗು, ಅಷ್ಟೆ.

ಈ ಹೊಸ್ತಿಲಿಗೂ ಸೆರೊಟೋನಿನ್ನಿಗೂ ಇರುವ ನಂಟು ಮೊದಲು ಕಾಣಿಸಿಕೊಂಡದ್ದು ನಮ್ಮ ದೇಶದ ಒಂದು ಗಿಡದ ಮೂಲಕ. ಸರ್ಪಗಂಧಿಯ ಬೇರು ರಕ್ತದ ಒತ್ತಡವನ್ನು ಇಳಿಸಿ ಉನ್ಮಾದವನ್ನು ಶಮನಗೊಳಿಸುವುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ೧೯೩೧ರಲ್ಲಿ ಬರೆದಿದ್ದರು. ೧೯೪೯ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ಅದರ ಮಹಿಮೆಯನ್ನು ಹೊರದೇಶಗಳಿಗೆ ತಿಳಿಯಪಡಿಸಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಸಾರವಾದ ರಿಸರ್ಪಿನ್ನನ್ನು ಬೇರ್ಪಡಿಸಲಾಯಿತು. ಇದು ಮಿದುಳಿನ ಸೆರೊಟೋನಿನ್ ದಾಸ್ತಾನನ್ನು ಬರಿದುಮಾಡುತ್ತದೆಂದು ೧೯೫೫ರಲ್ಲಿ ಗೊತ್ತಾಯಿತು. ಅದೇ ದಶಕದಲ್ಲಿ, ರಿಸರ್ಪಿನ್ ಕೊಟ್ಟ ಪ್ರಾಣಿಗಳು ಎಂದಿಗಿಂತ ಸುಲಭವಾಗಿ ಸೆಳವಿಗೆ ಒಳಗಾಗುತ್ತವೆಂಬುದೂ ಕಂಡುಬಂತು. ಹಾಗಾದರೆ ಸೆರೊಟೋನಿನ್ನೇ ಹೊಸ್ತಿಲನ್ನು ಎತ್ತಿ ಹಿಡಿದಿದೆಯೆ? ಹಾಗೆಂದು ಕೂಡಲೆ ಹೇಳುವುದು ಬೀಗದ ಕೈಯ ತರ್ಕವಾದೀತು. ರಿಸರ್ಪಿನ್ ಸೆರೊಟೋನಿನ್ನಿನ ಜೊತೆಗೆ ನಾರಡ್ರೆನಲಿನ್ ಮತ್ತು ಡೋಪಮಿನ್ ಎಂಬ ಇನ್ನೆರಡು ವಸ್ತುಗಳನ್ನೂ ಖಾಲಿಮಾಡುತ್ತದೆ. ಮೂವರು ಏಕಕಾಲದಲ್ಲಿ ಮನೆ ಬಿಟ್ಟುಹೋದಾಗ ಕಳವು ನಡೆದರೆ, ಅವರಲ್ಲಿ ಯಾರು ಕಾವಲುಗಾರನಾಗಿದ್ದನೆಂದು ತಿಳಿಯುವುದು ಹೇಗೆ?

ಒಬ್ಬನನ್ನು ಮಾತ್ರ ಹೊರಗೆ ಕಳುಹಿಸಿ ನೋಡುವ ಉಪಾಯ ದೊರೆಯಲು ಸುಮಾರು ನಲವತ್ತು ವರ್ಷಗಳು ಬೇಕಾದವು. ಸುಂಡಿಲಿಯ ಭ್ರೂಣಕೋಶಗಳಲ್ಲಿ ತಮಗೆ ಬೇಕಾದ ಒಂದೇ ಜೀನನ್ನು ಕೆಡಿಸಿ, ಆ ಜೀನಿಲ್ಲದ ಸಂತತಿಯನ್ನು ಬೆಳೆಸುವುದನ್ನು ವಿಜ್ಞಾನಿಗಳು ೧೯೮೦ರ ದಶಕದ ಕೊನೆಯಲ್ಲಿ ಕಲಿತರು. ೧೯೯೫ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಲಾರೆನ್ಸ್ ಟೆಕಾಟ್, ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ‘೨ಸಿ’ ಗ್ರಾಹಕವಿಲ್ಲದ ಸುಂಡಿಲಿಗಳ ವೃತ್ತಾಂತವನ್ನು ಪ್ರಕಟಿಸಿದರು. ಇದೇ ಜೂಲಿಯಸ್ ಅವರಿಗೆ ಮುಂದೆ ೨೦೨೧ರಲ್ಲಿ ಬೇರೆ ಗ್ರಾಹಕಗಳ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಆ ಸುಂಡಿಲಿಗಳು ಮಿತಿಮೀರಿ ತಿಂದು ಕೊಬ್ಬಿದವು. ಅಷ್ಟೇ ಅಲ್ಲದೆ ಯಾವ ಬಾಹ್ಯ ಕಾರಣವೂ ಇಲ್ಲದೆ ಒಮ್ಮೊಮ್ಮೆ ಸೆಳವಿಗೆ ಒಳಗಾಗಿ ಬಿದ್ದವು, ಕೆಲವು ಸತ್ತವು. ೧೯೯೭ರಲ್ಲಿ ಇದೇ ತಳಿಯ ಸುಂಡಿಲಿಗಳಿಗೆ ಕರ್ಕಶವಾದ ದೊಡ್ಡ ಶಬ್ದವನ್ನು ಕೇಳಿಸಿದಾಗ ಅವು ಸೆಳವಿಗೆ ಸಿಕ್ಕಿದವು. ಗ್ರಾಹಕವಿದ್ದ ಸುಂಡಿಲಿಗಳು ಅದೇ ಶಬ್ದವನ್ನು ಕೇಳಿ ತಾಳಿಕೊಂಡವು.

ವಾಚಕರು ಇಲ್ಲಿ ಗಮನಿಸಬೇಕಾದುದು ಬಿದ್ದ ಸುಂಡಿಲಿಯನ್ನಲ್ಲ. ಬೀಳದೆ ನಿಂತ ಸುಂಡಿಲಿಯನ್ನು. ಒಂದೇ ತಳಿ, ಒಂದೇ ಆಹಾರ, ಒಂದೇ ಶಬ್ದ. ಬೇರೆಯಾದುದು ಒಂದು ಜೀನು. ಬೀದಿಯಲ್ಲಿ ಬೀಗದ ಕೈ ಕೊಟ್ಟವರ ಬಳಿ ಇಲ್ಲದೆ ಹೋದದ್ದು ಈ ಎರಡನೆಯ ಸುಂಡಿಲಿ. ವಿಜ್ಞಾನದ ದೊಡ್ಡಸ್ತಿಕೆ ಇರುವುದು ಅದರ ಯಂತ್ರಗಳಲ್ಲಿ ಅಲ್ಲ, ಈ ಹೋಲಿಕೆಯನ್ನು ಬಿಡದೆ ಮಾಡುವ ಅಭ್ಯಾಸದಲ್ಲಿ.

ಇನ್ನೊಂದು ಸಂಗತಿಯನ್ನೂ ಗಮನಿಸೋಣ. ‘೨ಸಿ’ ಕೋಶವನ್ನು ಕೆರಳಿಸುವ ಗ್ರಾಹಕವೆಂದು ಹೇಳಿದೆವು. ಕೆರಳಿಸುವುದನ್ನು ತೆಗೆದುಹಾಕಿದರೆ ಮಿದುಳು ತಣ್ಣಗಾಗಬೇಕಲ್ಲವೆ? ಆದದ್ದು ವಿಪರೀತ. ಏಕೆಂದರೆ ಅದು ಕೆರಳಿಸುವ ಕೋಶಗಳಲ್ಲಿ ಗ್ಯಾಬಾ ಸುರಿಸುವ ಕಾವಲುಗಾರರೂ ಇದ್ದಾರೆ. ಕಾವಲುಗಾರನನ್ನು ಎಚ್ಚರವಾಗಿಟ್ಟರೆ ಬೀದಿ ಶಾಂತವಾಗಿರುತ್ತದೆ. ಅವನನ್ನು ಮಲಗಿಸಿದರೆ ಗಲಭೆಯಾಗುತ್ತದೆ. ಆದುದರಿಂದ ಒಂದು ಗ್ರಾಹಕ ಏನು ಮಾಡುತ್ತದೆಂಬುದಷ್ಟನ್ನೇ ತಿಳಿದರೆ ಸಾಲದು; ಅದು ಯಾರ ಮೈಮೇಲೆ ಕುಳಿತಿದೆಯೆಂಬುದನ್ನೂ ತಿಳಿಯಬೇಕು.

‘೧ಎ’ ಗ್ರಾಹಕದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಅದಿಲ್ಲದ ಸುಂಡಿಲಿಗಳಲ್ಲಿ ಕೈನಿಕ್ ಆಮ್ಲದಿಂದ ಉಂಟಾಗುವ ಸೆಳವಿನ ಹೊಸ್ತಿಲು ತಗ್ಗಿರುವುದನ್ನು ೨೦೦೦ದಲ್ಲಿ ವರದಿಮಾಡಲಾಯಿತು. ಕೋಶವನ್ನು ತಣಿಸುವ ಗ್ರಾಹಕ ಹೋದರೆ ಸೆಳವು ಸುಲಭವಾಗುವುದು ಸಹಜವೇ. ಆದರೆ ಹಾಲೆಂಡಿನಲ್ಲಿ ಬೆಳೆಸಿದ ಒಂದು ಇಲಿಯ ತಳಿಯಿದೆ. ಅದಕ್ಕೆ ಬರುವುದು ನೆಲಕ್ಕೆ ಕೆಡಹುವ ಸೆಳವಲ್ಲ. ಕೆಲವು ಕ್ಷಣಗಳ ಕಾಲ ಎಚ್ಚರ ತಪ್ಪಿ ಸ್ತಬ್ಧವಾಗಿ ನಿಂತುಬಿಡುವ ಸೆಳವು. ತರಗತಿಯಲ್ಲಿ ಪಾಠದ ನಡುವೆ ಕಣ್ಣು ಶೂನ್ಯವಾಗಿ ನಿಂತು, ‘ಗಮನವಿಲ್ಲದ ಹುಡುಗ’ ಎಂದು ಬೈಗುಳ ತಿನ್ನುವ ಕೆಲವು ಮಕ್ಕಳ ರೋಗವೂ ಇದೇ ಜಾತಿಯದು. ಈ ಇಲಿಗಳಿಗೆ ‘೧ಎ’ ಗ್ರಾಹಕವನ್ನು ಪ್ರಚೋದಿಸುವ ವಸ್ತುವನ್ನು ಕೊಟ್ಟಾಗ ಸೆಳವು ಕಡಿಮೆಯಾಗಲಿಲ್ಲ, ಹೆಚ್ಚಿತು. ಗ್ರಾಹಕವೊಂದೇ; ಸೆಳವಿನ ಜಾತಿ ಬೇರೆಯಾದಾಗ ಫಲವೂ ಬೇರೆಯಾಯಿತು. ಸೆರೊಟೋನಿನ್ ವಿಪರೀತವಾಗಿ ಹೆಚ್ಚಿದರೂ ಅಪಾಯವೇ. ಅದನ್ನು ಹೆಚ್ಚಿಸುವ ಔಷಧಗಳನ್ನು ಅತಿಯಾಗಿ ನುಂಗಿದವರಿಗೆ ಸೆಳವು ಬರಬಹುದು. ಇಷ್ಟನ್ನು ಅರಿತ ಮೇಲೂ ಸೆರೊಟೋನಿನ್ ಒಳ್ಳೆಯದೋ ಕೆಟ್ಟದೋ ಎಂದು ಕೇಳುವವರಿಗೆ, ನೀರು ಒಳ್ಳೆಯದೋ ಕೆಟ್ಟದೋ ಎಂದು ಗದ್ದೆಯವನನ್ನೂ ನೆರೆಯಲ್ಲಿ ಮನೆ ಕಳೆದುಕೊಂಡವನನ್ನೂ ಕೇಳಿ ನೋಡಿರೆಂದು ಉತ್ತರ ಕೊಡಬೇಕಾಗುತ್ತದೆ.

ಹಾಗಾದರೆ ಈ ತೊಡಕಿನ ಜ್ಞಾನದಿಂದ ರೋಗಿಗೆ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಫೆನ್‌ಫ್ಲುರಮಿನ್ ಎಂಬ ಔಷಧದ ಇತಿಹಾಸ. ಇದು ನರಕೋಶಗಳಿಂದ ಸೆರೊಟೋನಿನ್ ಹೊರಬೀಳುವಂತೆ ಮಾಡುತ್ತದೆ. ಹಸಿವನ್ನು ಕುಗ್ಗಿಸುವುದೆಂದು ಇದನ್ನು ಸ್ಥೂಲಕಾಯರಿಗೆ ಕೊಡುತ್ತಿದ್ದರು. ಆದರೆ ಇದರಿಂದ ಹೃದಯದ ಕವಾಟಗಳು ಕೆಡುವುದು ಕಂಡುಬಂದು ೧೯೯೭ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಇದನ್ನು ಹಿಂತೆಗೆದುಕೊಂಡರು. ಹೃದಯಕ್ಕೆ ತಗಲಿದ ಈ ಕೇಡಿಗೆ ಕಾರಣವಾದದ್ದೂ ಸೆರೊಟೋನಿನ್ನಿನ ಇನ್ನೊಂದು ಗ್ರಾಹಕವೇ, ‘೨ಬಿ’. ಔಷಧದ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಬೆಲ್ಜಿಯಮ್ಮಿನ ವೈದ್ಯರು ಡ್ರಾವೆ ರೋಗವೆಂಬ, ಶೈಶವದಲ್ಲಿಯೇ ಆರಂಭವಾಗಿ ಬೇರೆ ಔಷಧಗಳಿಗೆ ಬಗ್ಗದ ಘೋರ ಮೂರ್ಛೆರೋಗವಿದ್ದ ಕೆಲವೇ ಮಕ್ಕಳಿಗೆ ಇದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು ವರ್ಷಗಟ್ಟಲೆ ನೋಡಿ, ೨೦೧೨ರಲ್ಲಿ ಫಲವನ್ನು ಪ್ರಕಟಿಸಿದರು. ಸೆಳವುಗಳು ಗಣನೀಯವಾಗಿ ತಗ್ಗಿದ್ದವು. ಮುಂದೆ ವಿಧಿವತ್ತಾದ ಪರೀಕ್ಷೆಗಳು ನಡೆದು ೨೦೨೦ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಅದನ್ನು ಅಂಗೀಕರಿಸಲಾಯಿತು. ಜೊತೆಗೆ ಹೃದಯದ ಪರೀಕ್ಷೆಯನ್ನು ಆಗಾಗ ಮಾಡಿಸಬೇಕೆಂಬ ಕಟ್ಟಳೆಯನ್ನೂ ವಿಧಿಸಲಾಯಿತು. ಅದು ಸೆಳವನ್ನು ತಡೆಯುವುದರಲ್ಲಿ ‘೧ಡಿ’, ‘೨ಸಿ’ ಗ್ರಾಹಕಗಳ ಪಾತ್ರವಿದೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಒಂದೇ ಔಷಧ, ಒಂದು ಗ್ರಾಹಕದ ಮೂಲಕ ಹೃದಯಕ್ಕೆ ವೈರಿ, ಇನ್ನೊಂದರ ಮೂಲಕ ಮಿದುಳಿಗೆ ಮಿತ್ರ. ಗ್ರಾಹಕಗಳನ್ನು ಬಿಡಿಬಿಡಿಯಾಗಿ ಅರಿಯುವುದು ಪಂಡಿತರ ಹವ್ಯಾಸವಲ್ಲ, ಮಕ್ಕಳ ಪ್ರಾಣದ ಪ್ರಶ್ನೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯದು ಇನ್ನೂ ಗಂಭೀರವಾದುದು. ಮೂರ್ಛೆರೋಗವಿರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ಬರು, ಬೇರೆ ಯಾವ ಕಾರಣವೂ ಗೋಚರಿಸದೆ, ಬಹಳ ಮಟ್ಟಿಗೆ ರಾತ್ರಿ ನಿದ್ರೆಯಲ್ಲಿ, ಹಠಾತ್ತಾಗಿ ಮರಣ ಹೊಂದುತ್ತಾರೆ. ೨೦೧೪ರಲ್ಲಿ ಬ್ಯೂಕ್ಯಾನನ್, ರಿಚರ್ಸನ್ ಮೊದಲಾದವರು ಮಿದುಳಿನ ಸೆರೊಟೋನಿನ್ ಕೋಶಗಳೇ ಇಲ್ಲದಂತೆ ಬೆಳೆಸಿದ ಸುಂಡಿಲಿಗಳನ್ನು ಪರೀಕ್ಷಿಸಿದರು. ಅವುಗಳ ಹೊಸ್ತಿಲು ತಗ್ಗಾಗಿತ್ತು. ಸೆಳವಿನಿಂದ ಸಾಯುವುದೂ ಹೆಚ್ಚಾಗಿತ್ತು. ಸಾವಿಗೆ ದಾರಿಯಾದದ್ದು ಮೊದಲು ಹೃದಯ ನಿಂತದ್ದಲ್ಲ, ಉಸಿರು ನಿಂತದ್ದು. ಯಂತ್ರದಿಂದ ಉಸಿರು ಕೊಟ್ಟಾಗ ಅವು ಬದುಕಿದವು. ಉಸಿರಾಟವನ್ನು ಪ್ರೇರಿಸುವ ಕೆಲಸದಲ್ಲಿಯೂ ಸೆರೊಟೋನಿನ್ನಿಗೆ ಪಾಲಿದೆ. ‘ಸಂತೋಷದ ರಸಾಯನ’ ಎಂಬ ಬಿರುದಿನ ಅಡಿಯಲ್ಲಿ ಈ ಸಂಗತಿ ಮುಚ್ಚಿಹೋಗುತ್ತದೆ. ಆ ಬಿರುದನ್ನು ನಾವು ಆಕ್ಷೇಪಿಸುವುದು ಭಾಷೆಯ ಮಡಿವಂತಿಕೆಯಿಂದಲ್ಲ. ಅದು ಜನರ ದೃಷ್ಟಿಯನ್ನು ಮಾರಾಟದ ಸರಕಿನ ಕಡೆಗೆ ತಿರುಗಿಸಿ, ಜೀವ ಉಳಿಸುವ ಪ್ರಶ್ನೆಗಳಿಂದ ದೂರ ಒಯ್ಯುತ್ತದೆಂಬುದರಿಂದ.

ಸುಂಡಿಲಿ ಮನುಷ್ಯನಲ್ಲವೆಂಬ ಆಕ್ಷೇಪವನ್ನೂ ಮರೆಯಲಾಗದು. ಜೀನನ್ನು ಹುಟ್ಟಿನಿಂದಲೇ ಕಳೆದುಕೊಂಡ ಪ್ರಾಣಿಯಲ್ಲಿ ಮಿದುಳು ಬೆಳೆಯುವ ಕ್ರಮವೇ ಬದಲಾಗಿರಬಹುದು; ನಾವು ಕಾಣುವ ಸೆಳವು ಗ್ರಾಹಕದ ಅಭಾವದಿಂದಲೋ ಬೆಳವಣಿಗೆಯ ವ್ಯತ್ಯಾಸದಿಂದಲೋ ಎಂಬ ಪ್ರಶ್ನೆ ಉಳಿಯುತ್ತದೆ. ಆದುದರಿಂದ ಪ್ರಾಣಿಯ ಪ್ರಯೋಗವನ್ನು ಓದುವಾಗ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಹೋಲಿಸಿ ನೋಡಿದ ಗುಂಪು ಯಾವುದು? ಸೆಳವಿನ ಜಾತಿ ಯಾವುದು? ಪ್ರಾಣಿಯ ತಳಿ ಮತ್ತು ವಯಸ್ಸು ಏನು? ಡಿಬಿಎ-೨ ಎಂಬ ತಳಿಯ ಸುಂಡಿಲಿಗಳು ಹುಟ್ಟಿದ ಮೂರನೆಯ ವಾರದ ಸುಮಾರಿಗೆ ಶಬ್ದಕ್ಕೆ ಬೀಳುತ್ತವೆ. ದೊಡ್ಡವಾದಂತೆ ಆ ದೌರ್ಬಲ್ಯವನ್ನು ಕಳೆದುಕೊಳ್ಳುತ್ತವೆ. ವಯಸ್ಸನ್ನು ಕೇಳದೆ ಅವುಗಳ ವಿಷಯದಲ್ಲಿ ತೀರ್ಪು ಕೊಡಲು ಬರುವುದೆ?

ಪ್ರಾಣಿಗಳಿಗೆ ನೋವು ಕೊಟ್ಟು ಪಡೆದ ಜ್ಞಾನ ಇದೆಂಬುದನ್ನೂ ಮುಚ್ಚಿಡಬಾರದು. ಅಂಥ ಪ್ರಯೋಗಗಳೇ ಕೂಡದೆನ್ನುವವರ ಕರುಣೆಯನ್ನು ನಾವು ಗೌರವಿಸುತ್ತೇವೆ. ಆದರೆ ಮೆರಿಟ್ ಮತ್ತು ಪಟ್ನಮ್ಮರ ಬೆಕ್ಕುಗಳಿಲ್ಲದೆ ಫೆನಿಟಾಯಿನ್ ಎಂದಿಗೆ ದೊರೆಯುತ್ತಿತ್ತೆಂದು ಯಾರು ಬಲ್ಲರು? ಸಾಧ್ಯವಾದಲ್ಲಿ ಪ್ರಾಣಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು, ಸಂಖ್ಯೆಯನ್ನು ಕುಗ್ಗಿಸಬೇಕು, ನೋವನ್ನು ಕಡಿಮೆಮಾಡಬೇಕು ಎಂದು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ೧೯೫೯ರಲ್ಲಿ ಹೇಳಿದ ಮೂರು ಸೂತ್ರಗಳು ನ್ಯಾಯವಾದುವು. ನಾಲ್ಕನೆಯದೊಂದನ್ನು ನಾವು ಸೇರಿಸಲು ಬಯಸುತ್ತೇವೆ: ಪ್ರಾಣಿಯ ನೋವಿನಿಂದ ಪಡೆದ ಫಲವನ್ನು ಸರಿಯಾಗಿ ಓದಬೇಕು, ಸರಿಯಾಗಿ ಹೇಳಬೇಕು. ಅದನ್ನು ಅರ್ಧ ಓದಿ ಬಿರುದು ಕಟ್ಟುವುದು ಆ ಪ್ರಾಣಿಗೆ ಮಾಡುವ ಎರಡನೆಯ ಅನ್ಯಾಯ.

ನಮ್ಮ ನಾಡಿನವರಿಗೆ ಹೊಸ್ತಿಲಿನ ಮಾತು ಅಪರಿಚಿತವೇನಲ್ಲ. ತಲೆಯ ಮೇಲೆ ಚೊಂಬಿನಿಂದ ಸುಡುಸುಡು ನೀರನ್ನು ಮೇಲಿಂದ ಮೇಲೆ ಹುಯ್ದುಕೊಳ್ಳುವಾಗ ಬಚ್ಚಲುಮನೆಯಲ್ಲಿಯೇ ಸೆಳವು ಬರುವ ಒಂದು ಬಗೆಯ ಮೂರ್ಛೆರೋಗ ದಕ್ಷಿಣ ಕರ್ನಾಟಕದಲ್ಲಿ ಬೇರೆಡೆಗಳಿಗಿಂತ ಹೆಚ್ಚಾಗಿದೆ. ಬೆಂಗಳೂರಿನ ಡಾಕ್ಟರ್ ಕೆ. ಎಸ್. ಮಣಿ ಮೊದಲಾದವರು ಇದನ್ನು ಲೋಕದ ಗಮನಕ್ಕೆ ತಂದರು. ಮುಂದೆ ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಪಿ. ಸತೀಶ್‌ಚಂದ್ರ ಮತ್ತು ಅವರ ಸಂಗಡಿಗರು ೧೯೯೦ರ ದಶಕದಲ್ಲಿ ಇಲಿಗಳ ಮೇಲೆ ಬಿಸಿನೀರು ಹುಯ್ದು ಇಂಥದೇ ಸೆಳವನ್ನು ತರಿಸಿ ಅಭ್ಯಸಿಸಿದರು. ಸುಂಡಿಲಿಗೆ ಶಬ್ದ ಹೇಗೋ ಇವರಿಗೆ ಬಿಸಿನೀರು ಹಾಗೆ: ತಗ್ಗಾದ ಹೊಸ್ತಿಲನ್ನು ದಾಟಿಸುವ ಒಂದು ನೂಕು. ನೀರಿನ ಬಿಸಿಯನ್ನು ತಗ್ಗಿಸುವುದು ಹಲವರಿಗೆ ಚಿಕಿತ್ಸೆಯ ಮೊದಲ ಭಾಗವಾಗುತ್ತದೆ. ಇಲ್ಲಿ ದೆವ್ವಕ್ಕೆ ಏನು ಕೆಲಸ? ಹಂಡೆಯ ನೀರನ್ನು ಆರಿಸಿದರೆ ಓಡಿಹೋಗುವ ದೆವ್ವ ಯಾವ ಶಾಸ್ತ್ರದಲ್ಲಿಯೂ ಇರಲಾರದು.

ಆದರೂ ನಮ್ಮ ಸಮಾಜ ಈ ರೋಗಿಗಳನ್ನು ನಡೆಸಿಕೊಂಡ ಬಗೆ ಹೆಮ್ಮೆಪಡುವಂಥದಲ್ಲ. ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ಆದ ತಿದ್ದುಪಡಿಯಲ್ಲಿ, ಮತ್ತೆ ಮತ್ತೆ ಬರುವ ಮೂರ್ಛೆಯನ್ನು ಹುಚ್ಚಿನ ಪಕ್ಕದಲ್ಲಿಯೇ ಬರೆದು ಮದುವೆಗೆ ಅಡ್ಡಿಯೆಂದು ಎಣಿಸಿದ್ದರು. ೧೯೯೯ರಲ್ಲಿ ಆ ಮಾತನ್ನು ತೆಗೆದುಹಾಕಿದರು. ಕಾಯಿದೆಯ ಪುಸ್ತಕದಿಂದ ಹೋದದ್ದು ಜನರ ಮನಸ್ಸಿನಿಂದ ಹೋಗಿಲ್ಲ. ಮಗಳ ಮಾತ್ರೆಗಳನ್ನು ಬೀರುವಿನ ಹಿಂದೆ ಬಚ್ಚಿಡುವ ತಾಯಂದಿರು, ಮದುವೆಯಾದ ಮೇಲೆ ಗಂಡನ ಮನೆಯವರಿಗೆ ಹೆದರಿ ಮಾತ್ರೆಗಳನ್ನು ನಿಲ್ಲಿಸಿ ಪ್ರಾಣಕ್ಕೆ ಅಪಾಯ ತಂದುಕೊಳ್ಳುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಸರಿಯಾದ ಚಿಕಿತ್ಸೆ ದೊರೆತರೆ ಈ ರೋಗಿಗಳಲ್ಲಿ ನೂರಕ್ಕೆ ೭೦ರಷ್ಟು ಮಂದಿ ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿರುವಲ್ಲಿ ಅವರನ್ನು ಕೊಲ್ಲುತ್ತಿರುವುದು ರೋಗಕ್ಕಿಂತ ಹೆಚ್ಚಾಗಿ ನಾಚಿಕೆಯೆಂದರೆ ತಪ್ಪಾಗಲಾರದು.

ಗ್ರಾಹಕಗಳ ಅಭ್ಯಾಸ ಈ ನಾಚಿಕೆಗೆ ಉತ್ತರ ಕೊಡುತ್ತದೆಂಬುದೇ ನಮ್ಮ ವಾದ. ಒಂದು ಪ್ರೋಟೀನನ್ನು ತೆಗೆದೊಡನೆ ಸಾಧಾರಣ ಸುಂಡಿಲಿಯ ಸಂತತಿ ಶಬ್ದಕ್ಕೆ ಬೀಳುವ ಸುಂಡಿಲಿಯಾಯಿತು. ಅದರ ಶೀಲ ಕೆಟ್ಟಿರಲಿಲ್ಲ, ಅದರ ವಂಶಕ್ಕೆ ಶಾಪ ತಟ್ಟಿರಲಿಲ್ಲ. ಹೊಸ್ತಿಲು ಕೆಲವು ಅಂಗುಲ ತಗ್ಗಿತ್ತು. ಮೂರ್ಛೆರೋಗಿ ಮತ್ತು ಉಳಿದ ನಾವು ಎಂಬ ಎರಡು ಜಾತಿಯ ಮಿದುಳುಗಳಿಲ್ಲ. ಇರುವುದು ಒಂದೇ ಜಾತಿ. ಅದರಲ್ಲಿ ಹೊಸ್ತಿಲಿನ ಎತ್ತರ ಬೇರೆ ಬೇರೆ.

ಕೊನೆಯದಾಗಿ ಒಂದು ಮಾತು. ನಿಮ್ಮೆದುರಿಗೆ ಯಾರಾದರೂ ಸೆಳವು ಬಂದು ಬಿದ್ದರೆ ಬೀಗದ ಕೈಯನ್ನು ಹುಡುಕಬೇಡಿ. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬೇಡಿ. ಕೈಕಾಲುಗಳನ್ನು ಒತ್ತಿ ಹಿಡಿಯಬೇಡಿ. ತಲೆಯ ಕೆಳಗೆ ಮೆತ್ತಗಿನ ಬಟ್ಟೆಯನ್ನಿಟ್ಟು, ಕತ್ತಿನ ಗುಂಡಿಯನ್ನು ಸಡಿಲಿಸಿ, ಮೈಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರವನ್ನು ನೋಡಿ. ೫ ನಿಮಿಷ ಕಳೆದರೂ ನಿಲ್ಲದಿದ್ದರೆ ಕೂಡಲೆ ಆಸ್ಪತ್ರೆಗೆ ಸಾಗಿಸಿ. ನಿಂತು ಎಚ್ಚರವಾದ ಮೇಲೆ ಆತ ಕಣ್ಣು ತೆರೆದು ಮೊದಲು ನೋಡುವುದು ನಿಮ್ಮ ಮುಖವನ್ನು. ಆ ಮುಖದಲ್ಲಿ ಅಸಹ್ಯವೂ ಭಯವೂ ಇರದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.